ಬಿದ್ದದ್ದು ಮೆಟ್ಟಿಲು

ಕೊಕ್ಕರ್ಣೆ ಪೇಟೆಯಲ್ಲಿ ಬಸ್ಸು ಹತ್ತುವಾಗ ಕೆಳಗಿನ ಮೆಟ್ಟಿಲು ಕಳಚಿ ನಮ್ಮ ದೊಡ್ಡಮ್ಮ ಕುಕ್ಕರು ಬಡಿದರು. ಪುಣ್ಯಕ್ಕೆ ಹಿಂದೆ ಯಾರೋ ದನದ ಹಿಂಡಿಯ ಚೀಲ ಇಟ್ಟಿದ್ದರಿಂದ ಪೆಟ್ಟಾಗಲಿಲ್ಲ. ಆದರೆ ಅವರು ಏಳುವ ಮೊದಲೇ ಪೇಟೆ ತೀರ್ಪು ಕೊಟ್ಟಾಗಿತ್ತು. 'ಪ್ರಾಯ ಆಯ್ತಲ್ದಾ' ಎಂದರು ಒಬ್ಬರು. 'ಸೀರೆ ಸಿಕ್ಕಿ ಬಿದ್ದದ್ದ್' ಎಂದರು ಇನ್ನೊಬ್ಬರು. ದೊಡ್ಡಮ್ಮ ಬ್ರಹ್ಮಾವರಕ್ಕೆ ಕಣ್ಣಿನ ಡಾಕ್ಟರ ಹತ್ತಿರ ಹೊರಟವರು ಅಂತ ಗೊತ್ತಾದ ಕೂಡಲೇ ಮೊಕದ್ದಮೆ ಖುಲಾಸೆ! ಮೆಟ್ಟಿಲು ಗೌರವಯುತವಾಗಿ ಬಿಡುಗಡೆಯಾಯಿತು. ಕಂಡಕ್ಟರ್ ಅದನ್ನು ರಸ್ತೆಯಿಂದ ಎತ್ತಿ ಸೀಟಿನ ಅಡಿಗೆ ತಳ್ಳಿ ಸೀಟಿ ಊದಿದ.

ದೊಡ್ಡಮ್ಮ ಮಾತ್ರ ಮನೆಗೆ ಬಂದವರೇ ಜಗಲಿಯಲ್ಲಿ ಕೂತು, 'ಬಿದ್ದದ್ದ್ ನಾನಲ್ಲ ಮಾಣಿ, ಮೆಟ್ಲ್' ಎಂದರು.

ಈ ಮಾತನ್ನು ನಾನು ಎರಡು ದಿನ ಮೆಲುಕು ಹಾಕಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಯಾವ ಪುಣ್ಯಾತ್ಮ ಕಟ್ಟಿದನೋ, ಅವನು ಖಂಡಿತ ನೆಲ ಹಾಸುವ ಕಂಟ್ರಾಕ್ಟರೇ ಇರಬೇಕು. ನೆಲ ನಿಜವಾಗಿ ಡೊಂಕಿದ್ದರೆ ಅವಳು ಯಾರ ಹತ್ತಿರ ಹೋಗಿ ಹೇಳಬೇಕು?

ಅದೇ ವಾರ ಅಮೆರಿಕದಲ್ಲಿರುವ ನಮ್ಮ ಅಳಿಯ ವಿಡಿಯೋ ಕಾಲ್ ಮಾಡಿದ. ಅವನೂ ಮೆಟ್ಟಿಲಿನಿಂದಲೇ ಬಿದ್ದಿದ್ದ. ಆ ಮೆಟ್ಟಿಲು ಮಾತ್ರ ಬೇರೆ ಜಾತಿಯದು. ಅವನು ಒಂದು ಪಿಕಪ್ ಗಾಡಿ ತೆಗೆದು, ಅದರ ಬೆನ್ನ ಮೇಲೆ ಮಂಚ, ಒಲೆ, ಕಕ್ಕಸು ಎಲ್ಲ ಇರುವ ಪುಟ್ಟ ಮನೆ ಕೂರಿಸಿದ್ದಾನೆ. ಅದಕ್ಕೆ ಟ್ರಕ್ ಕ್ಯಾಂಪರ್ ಅನ್ನುತ್ತಾರಂತೆ. 'ನಮ್ಮ ಪೆಟ್ಟಿಗೆ ಅಂಗಡಿ ಇದ್ದಾಂಗಿತ್ತಲೆ!' ಎಂದರು ದೊಡ್ಡಮ್ಮ. ನನಗೆ ಯಕ್ಷಗಾನದ ಮಂದಾರ್ತಿ ಮೇಳ ನೆನಪಾಯಿತು. ಐದು ಮೇಳ, ದೀಪಾವಳಿ ಕಳೆದಲ್ಲಿಂದ ಮಳೆ ಹಿಡಿಯುವವರೆಗೆ ದಿನಕ್ಕೊಂದು ಊರು. ಪೆಟ್ಟಿಗೆ, ಕಿರೀಟ, ಚೆಂಡೆ, ಕಲಾವಿದರ ನಿದ್ರೆ ಎಲ್ಲವೂ ಗಾಡಿಯ ಮೇಲೆ. ಸಂಸಾರವನ್ನು ಚಕ್ರದ ಮೇಲೆ ಏರಿಸುವುದನ್ನು ನಮಗೆ ಅಮೆರಿಕದವರು ಕಲಿಸಬೇಕಾಗಿಲ್ಲ.

ಮನೆ ಲಾರಿಯ ಬೆನ್ನೇರಿದರೆ ಹೊಸಿಲು ನೆಲದಿಂದ ಮೂರಡಿ ಮೇಲೆ ಹೋಗುತ್ತದೆ. ಅಲ್ಲಿಂದ ಇಳಿಯಲು ಕತ್ತರಿಯಂತೆ ಬಿಚ್ಚಿ ಮಡಚುವ ಅಲ್ಯೂಮಿನಿಯಂ ಮೆಟ್ಟಿಲು. ತೂಕ ಹಗುರ, ನೋಡಲೂ ಚೆಂದ. ಆದರೆ ಅದರ ಜೀವ ಇರುವುದು ಬೆರಳುದ್ದದ ಬೋಲ್ಟು, ರಿವೆಟ್ಟುಗಳಲ್ಲಿ. ಕೆಳತುದಿ ನೆಲಕ್ಕೆ ಊರದೆ ಗಾಳಿಯಲ್ಲಿ ತೂಗಾಡುತ್ತಿದ್ದರೆ, ಹತ್ತುವವರ ಭಾರವೆಲ್ಲ ಮೇಲಿನ ಕೊಂಡಿಯನ್ನು ಸನ್ನೆಕೋಲಿನ ಹಾಗೆ ಮೀಟುತ್ತದೆ. ದಿನಾ ಮೀಟಿ ಮೀಟಿ ರಂಧ್ರ ಅಗಲವಾಗುತ್ತದೆ, ಮೆಟ್ಟಿಲು ಅಲ್ಲಾಡತೊಡಗುತ್ತದೆ. ಅಲ್ಲಾಡುವುದೇ ಅದರ ಮಾತು, ಕೇಳುವವರು ಇಲ್ಲ ಅಷ್ಟೆ. ಅಳಿಯನದು ಬೆಳಗ್ಗೆ ಕಾಫಿ ಲೋಟ ಹಿಡಿದು ಮುಂದಕ್ಕೆ ಮುಖ ಮಾಡಿ ಇಳಿಯುವಾಗ ಮುರಿಯಿತಂತೆ.

'ಒಂದ್ ಕೈಯಂಗೆ ಲೋಟ, ಇನ್ನೊಂದ್ ಕೈಯಂಗೆ?' ದೊಡ್ಡಮ್ಮ ಕೇಳಿದರು.

'ಮೊಬೈಲ್.'

'ಅಟ್ಟದ ಏಣಿ ಇಳೂದ್ ಹ್ಯಾಂಗೆ? ಏಣಿಗ್ ಮುಖ ಮಾಡಿ, ಎರಡೂ ಕೈಯಂಗೆ ಹಿಡ್ಕಂಡ್ ಅಲ್ದಾ?'

ಅಳಿಯ ಸುಮ್ಮನಾದ. ಅಲ್ಲಿಯ ಸುರಕ್ಷತಾ ಪುಸ್ತಕಗಳೂ ಇದನ್ನೇ ಹೇಳುತ್ತವೆ: ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಯಾವಾಗಲೂ ಗಾಡಿಗೆ ತಾಗಿರಬೇಕು. ದೊಡ್ಡಮ್ಮ ಇದನ್ನು ಉಪ್ಪಿನಕಾಯಿ ಭರಣಿ ಇಳಿಸುತ್ತಾ ಕಲಿತವರು. ಕೊನೆಗೆ ಅವನಿಗೆ ನಮ್ಮೂರಿನ ಸಾರ್ವತ್ರಿಕ ಪರಿಹಾರವನ್ನೂ ಕೊಟ್ಟರು: 'ಅಡಿಗೊಂದ್ ಮುರಕಲ್ಲ್ ಇಡ್.' ಮೆಟ್ಟಿಲಿಗೆ ನೆಲದ ಆಸರೆ ಬೇಕು ಎಂಬುದು ಸರಿಯೇ. ಆದರೆ ಅಳ್ಳಾಡುವ ಕಲ್ಲಿನ ಮೇಲೆ ಅಳ್ಳಾಡುವ ಮೆಟ್ಟಿಲು ಇಟ್ಟರೆ ಬೀಳುವುದು ಎರಡು ಕಂತಿನಲ್ಲಿ, ಅಷ್ಟೇ ವ್ಯತ್ಯಾಸ.

ನಮ್ಮ ಬಸ್ಸೇನು ಬೇರೆಯೆ? ಲಾರಿಯ ಚಾಸಿಗೆ ಬಾಡಿ ಕಟ್ಟಿ ಬಸ್ಸು ಅಂತ ಹೆಸರಿಟ್ಟರೆ ಅದೂ ಲಾರಿಯ ಮೇಲಿನ ಮನೆಯೇ. ಕೇಂದ್ರ ಸರ್ಕಾರ ನಗರದ ಬಸ್ಸುಗಳಿಗೆ ಮಾಡಿದ ವರ್ಗೀಕರಣದಲ್ಲಿ ನೆಲದ ಎತ್ತರ 400, 650, 900 ಮಿಲಿಮೀಟರ್ ಅಂತ ಮೂರು ಬಗೆ. ಬೆಂಗಳೂರಿನವರು 400ರದ್ದರಲ್ಲಿ ಜಗಲಿಗೆ ಕಾಲಿಟ್ಟ ಹಾಗೆ ಹತ್ತುತ್ತಾರೆ. ಇನ್ನು ಮನೆ ಕಟ್ಟುವ ರಾಷ್ಟ್ರೀಯ ಸಂಹಿತೆ ಒಂದು ಮೆಟ್ಟಿಲು 190 ಮಿಲಿಮೀಟರ್ ಮೀರಬಾರದು ಅನ್ನುತ್ತದೆ. ಆ ಲೆಕ್ಕದಲ್ಲಿ 900ಕ್ಕೆ ಐದು ಹೆಜ್ಜೆ ಬೇಕು. ನಮಗೆ ಸಿಗುವುದು ಎರಡೋ ಮೂರೋ. ಉಳಿದದ್ದನ್ನು ಮೊಣಕಾಲು ನೋಡಿಕೊಳ್ಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡು ಇಲ್ಲದಾಯಿತು. ಆದರೆ ಖಾಸಗಿ ಬಸ್ಸುಗಳೇ ರಾಜ್ಯವಾಳುವ ನಮ್ಮ ಕಡೆ ಹತ್ತಲು ಬೇಕಾದ ಶಕ್ತಿಯನ್ನು ಮನೆಯಿಂದಲೇ ತರಬೇಕು.

ಮೇಲಿಂದ ನಮ್ಮ ಮಳೆ. ವರ್ಷಕ್ಕೆ 4000 ಮಿಲಿಮೀಟರಿನ ಆಸುಪಾಸು ಸುರಿಯುತ್ತದೆ, ಸಾಲದ್ದಕ್ಕೆ ಪಡುಗಾಳಿಯ ಉಪ್ಪು. ಕಬ್ಬಿಣದ ಮೆಟ್ಟಿಲು ಮೇಲಿನಿಂದ ಎಂದೂ ಹಾಳಾದಂತೆ ಕಾಣದು, ಚಪ್ಪಲಿಗಳು ಅದನ್ನು ಬೆಳ್ಳಿಯ ಹಾಗೆ ತಿಕ್ಕುತ್ತಿರುತ್ತವೆ. ತುಕ್ಕು ತಿನ್ನುವುದು ಅಡಿಯಿಂದ, ಬೆಸುಗೆಯ ಸಂದಿಯಿಂದ, ಕೆಸರು ಅಂಟಿಕೊಂಡ ಕಡೆಯಿಂದ. ಬಗ್ಗಿ ನೋಡಿದರೆ ಮಾತ್ರ ಗೊತ್ತು. ಬಸ್ಸಿನ ಅಡಿಗೆ ಬಗ್ಗುವವರು ಬಿದ್ದ ಚಿಲ್ಲರೆ ಹುಡುಕುವವರು ಮಾತ್ರ.

1988ರ ಮೋಟಾರು ವಾಹನ ಕಾಯ್ದೆಯ 123ನೇ ಕಲಮಿನ ಪ್ರಕಾರ ಫುಟ್‌ಬೋರ್ಡಿನ ಮೇಲೆ ನಿಂತು ಪ್ರಯಾಣ ಮಾಡುವುದು ಅಪರಾಧ. ನಮ್ಮ ಕಾಲೇಜು ಹುಡುಗರಿಗೆ ಅದೇ ಬಾಲ್ಕನಿ ಸೀಟು. ಒಳಗೆ ಜಾಗ ಇದ್ದರೂ ಐದು ಜನ ಅಲ್ಲೇ ಜೋತಾಡುತ್ತಾರೆ. ಒಬ್ಬರ ಪಾದಕ್ಕೆ ಮಾಡಿದ ತಗಡು ಐವರನ್ನು ಹೊತ್ತು, ಹೊಂಡದಲ್ಲಿ ಎದ್ದು ಬಿದ್ದು, ಕೊನೆಗೊಂದು ದಿನ ಹಿಂಡಿಯ ಚೀಲಕ್ಕಿಂತ ಹಗುರವಾದ ದೊಡ್ಡಮ್ಮನ ಕಾಲಡಿ ರಾಜೀನಾಮೆ ಕೊಡುತ್ತದೆ. ಹೆಸರು ಕೆಡುವುದು ಯಾರದು? ಸೀರೆಯದು!

ಅಳಿಯನಿಗೆ ಮಾರಿದವರು ಎರಡು ಮಾತಾಡದೆ ಹೊಸ ಮೆಟ್ಟಿಲು ಕಳಿಸಿದರಂತೆ, ಈ ಸಲ ನೆಲಕ್ಕೆ ಊರುವ ಕಾಲು ಸಮೇತ. 300 ಪೌಂಡ್ ತಡೆಯುತ್ತದೆ ಎಂದು ಅದರ ಮೇಲೆ ಬರೆದಿದೆ. 'ಅಂದ್ರೆ ಎಷ್ಟ್ ಮಾಣಿ?' ಎಂದು ದೊಡ್ಡಮ್ಮ ಕೇಳಿದರು. 136 ಕಿಲೋ ಎಂದೆ. 'ನಮ್ಮ ಬಸ್ಸಿನ್ ಮೆಟ್ಲ್ ಮೇಲೆ ಎಂತ ಬರ್ದಿತ್ತ್?' ದೇವರ ಹೆಸರು ಬರೆದಿದೆ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ದೊಡ್ಡಮ್ಮ ಒಂದು ಉಪಾಯ ಕಂಡುಕೊಂಡಿದ್ದಾರೆ. ಪೇಟೆಯ ಮೋರಿಯ ಕಟ್ಟೆ ರಸ್ತೆಗಿಂತ ಮುಕ್ಕಾಲು ಅಡಿ ಎತ್ತರ. ಅದರ ಮೇಲೆ ನಿಂತರೆ ಬಸ್ಸಿನ ಮೆಟ್ಟಿಲು ಅಷ್ಟು ತಗ್ಗುತ್ತದೆ. ನಿನ್ನೆ ಅರ್ಧ ಗಂಟೆ ಮೊದಲೇ ಹೋಗಿ, ಕೊಡೆ ಊರಿ, ಕಟ್ಟೆಯ ಮೇಲೆ ರಾಣಿಯ ಹಾಗೆ ನಿಂತಿದ್ದರು. ಬಸ್ಸು ಬಂತು. 'ಬನಿ ಬನಿ, ಬೇಗ ಹತ್ತಿ' ಅಂತ ಕೂಗುತ್ತಾ ಅವರನ್ನು ದಾಟಿ, ಹತ್ತು ಮಾರು ಮುಂದೆ, ಹೊಂಡದ ಎದುರು ಹೋಗಿ ನಿಂತಿತು.