ಜೋಯಿಡಾ ಸೀಮೆಯ ಹಿಮದಲ್ಲಿ ವಿದ್ಯುತ್ ತ್ರಿಚಕ್ರಯಾನ: ಒಂದು ಮೀಮಾಂಸೆ

ಮೂರು ಗಾಲಿಯ ವಿದ್ಯುತ್ ಗಾಡಿಯನ್ನು ಚಳಿಗಾಲದ ಹಿಮದಲ್ಲಿ ಓಡಿಸಲು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳಷ್ಟು ನಿರಪಾಯದ ಸೀಮೆ ಇನ್ನೊಂದಿಲ್ಲ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪ್ರಮಾಣವೇನೆಂದರೆ, ಇಲ್ಲಿ ಹಿಮದಲ್ಲಿ ಜಾರಿ ಆಟೊ ಮಗುಚಿದ್ದನ್ನು ಕಂಡವರಿಲ್ಲ. ಕಾಣದಿರುವುದೂ ಒಂದು ಪ್ರಮಾಣವೆಂದು, ಅನುಪಲಬ್ಧಿಯೆಂಬ ಹೆಸರಿನಲ್ಲಿ, ಭಾಟ್ಟ ಮೀಮಾಂಸಕರು ಎಂದೋ ಒಪ್ಪಿದ್ದಾರೆ. ಪ್ರಾಭಾಕರರು ಒಪ್ಪಿಲ್ಲ, ಆದರೆ ಅವರು ಆಟೊ ಹತ್ತಿದವರಲ್ಲ. ಇದಕ್ಕೆದುರಾಗಿ ಲಂಡನ್ನನ್ನು ನೋಡಿ. 1985ರ ಜನವರಿ 10ರಂದು ಕ್ಲೈವ್ ಸಿಂಕ್ಲೇರ್ ತನ್ನ ಮೂರು ಗಾಲಿಯ ಸಿ5 ಗಾಡಿಯನ್ನು ಅಲೆಕ್ಸಾಂಡ್ರಾ ಪ್ಯಾಲೆಸ್ಸಿನಲ್ಲಿ ಲೋಕಾರ್ಪಣೆ ಮಾಡಿದಾಗ ಹೊರಗೆ ಹಿಮ ಬಿದ್ದಿತ್ತು; ಪ್ರದರ್ಶನಕ್ಕಿಟ್ಟ ಗಾಡಿಗಳಲ್ಲಿ ಹಲವು ಕೈಕೊಟ್ಟವು, ಆಗಸ್ಟ್ ಹೊತ್ತಿಗೆ ತಯಾರಿಕೆಯೇ ನಿಂತಿತು. ಸಿಂಕ್ಲೇರ್ ಹಳಿಯಾಳಕ್ಕೆ ಬಂದಿದ್ದರೆ ಹಿಮದ ಕಾಟವಂತೂ ತಪ್ಪುತ್ತಿತ್ತು.

ಇಲ್ಲಿ ಹಿಮವೇ ಬೀಳುವುದಿಲ್ಲವಲ್ಲ ಎಂಬುದು ಮೊದಲ ಪೂರ್ವಪಕ್ಷ. ಆಕ್ಷೇಪ ಅವಸರದ್ದು. ಹಿಮಕ್ಕೆ ಬೇಕಾದುದು ಎರಡೇ ಸಾಮಗ್ರಿ, ಚಳಿ ಮತ್ತು ನೀರು. ಜೋಯಿಡಾದಲ್ಲಿ ನೀರು ಬೇಕಾದಷ್ಟಿದೆ, ಜುಲೈಯಲ್ಲಿ. ಚಳಿಯೂ ತಕ್ಕಮಟ್ಟಿಗಿದೆ, ಜನವರಿಯಲ್ಲಿ. ಕೊರತೆಯಿರುವುದು ಸಾಮಗ್ರಿಯದಲ್ಲ, ಹೊಂದಾಣಿಕೆಯದು. ಇನ್ನು ಎತ್ತರದ ಮಾತು. ಕಿಲೋಮೀಟರು ಮೇಲೇರಿದಂತೆ ಸುಮಾರು 6.5 ಡಿಗ್ರಿ ತಂಪಾಗುತ್ತದೆ. ಚಳಿಗಾಲದ ಬೆಳಗ್ಗೆ 13 ಡಿಗ್ರಿ ಇದ್ದರೆ ತಾಲ್ಲೂಕನ್ನು ಬರೀ 2 ಕಿಲೋಮೀಟರು ಎತ್ತಿದರೆ ಸಾಕು. ಸುಮಾರು 1930 ಮೀಟರಿನ ಮುಳ್ಳಯ್ಯನಗಿರಿಯೇ ನಾಚುವಂಥ ಈ ಕಾಮಗಾರಿಗೆ ಯಾರೂ ಟೆಂಡರ್ ಕರೆಯದಿರುವುದು ವಿಜ್ಞಾನದ ದೋಷವಲ್ಲ. ಅಲ್ಲಿಯವರೆಗೆ ಹಿಮದ ಪ್ರತಿನಿಧಿಯಾಗಿ ಮಳೆಗಾಲದ ಕೆಂಪು ರಾಡಿಯನ್ನು ಸ್ವೀಕರಿಸಬಹುದು. ಪ್ರತಿನಿಧಿದ್ರವ್ಯಕ್ಕೆ ಯಜ್ಞದಲ್ಲೇ ಅವಕಾಶವಿದೆ, ರಸ್ತೆಯಲ್ಲಿ ಏಕಿರಬಾರದು? ಗುಣವೂ ಒಂದೇ: ಜೀಪು, ಲಾರಿಗಳು ಎರಡು ಗಾಲಿಜಾಡು ಕೊರೆಯುತ್ತವೆ, ನಡುವೆ ದಿಬ್ಬ ಉಳಿಯುತ್ತದೆ, ತ್ರಿಚಕ್ರದ ಮುಂಗಾಲಿ ಸರಿಯಾಗಿ ಆ ದಿಬ್ಬದ ಮೇಲೆಯೇ ಹೋಗುತ್ತದೆ. ನಾಲ್ಕು ಗಾಲಿಯವರು ಸವೆಸಿದ ದಾರಿಯಲ್ಲಿ ಸಾಗುತ್ತಾರೆ. ಮೂರನೆಯ ಗಾಲಿಯದು ಸ್ವಂತ ಸಂಶೋಧನೆ.

ಎರಡನೆಯ ಪೂರ್ವಪಕ್ಷ ಮುಂಡಗೋಡದ ಕಡೆಯಿಂದ ಬರಬಹುದು. 1966ರಿಂದ ಅಲ್ಲಿ ನೆಲೆಸಿರುವ ಟಿಬೆಟನ್ ಹಿರಿಯರಷ್ಟು ಹಿಮ ಬಲ್ಲವರು ಜಿಲ್ಲೆಯಲ್ಲಿಲ್ಲ. ಅವರ ನಾಡಿನ ಚಮರೀಮೃಗಕ್ಕೆ ನಾಲ್ಕು ಕಾಲು, ಮೂರು ಕಾಲಿನ ಮೃಗವನ್ನು ಪ್ರಕೃತಿ ಮಾಡಲೇ ಇಲ್ಲ ಎಂದು ವಾದಿಸುವವರುಂಟು. ಪ್ರಕೃತಿ ಗಾಲಿಯನ್ನೂ ಮಾಡಲಿಲ್ಲ ಎಂದರೆ ಉತ್ತರವಾಯಿತು.

ಬ್ಯಾಟರಿಯ ವಿಷಯ ಗಂಭೀರವಾದದ್ದು. ಕೊರೆವ ಚಳಿಯಲ್ಲಿ ಲಿಥಿಯಂ ಕೋಶಗಳ ಒಳರೋಧ ಏರಿ ಗಾಡಿ ಓಡುವ ದೂರ ಕುಗ್ಗುತ್ತದೆ; ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೋಶವೇ ಕೆಡಬಹುದು. ಜೋಯಿಡಾದಲ್ಲಿ ಈ ಭಯವಿಲ್ಲ, ಮೇಲಾಗಿ ಕರೆಂಟು ಹುಟ್ಟುವುದೇ ಅಲ್ಲಿ: ಕಾಳಿಗೆ ಅಡ್ಡವಾಗಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ನಿಂತಿದೆ. ಅದಕ್ಕಾಗಿ ಹಳೆಯ ಸೂಪಾ ಪಟ್ಟಣವೇ ಮುಳುಗಿತು; ಅಷ್ಟು ತೆತ್ತ ಸೀಮೆಗೆ ಒಂದು ಚಾರ್ಜಿಂಗ್ ಪ್ಲಗ್ಗಿನ ಹಕ್ಕು ಉಂಟೋ ಇಲ್ಲವೋ ಎಂಬುದು ಪ್ರತ್ಯೇಕ ಪ್ರಬಂಧಕ್ಕೆ ತಕ್ಕ ವಸ್ತು. ಉಳಿದದ್ದು ಅಣಶಿ ಘಟ್ಟ. ಇಳಿಜಾರಿನಲ್ಲಿ ಬ್ರೇಕಿನಿಂದ ಮರಳಿ ಹುಟ್ಟುವ ವಿದ್ಯುತ್ತಿಗೆ ತುಂಬಿದ ಬ್ಯಾಟರಿಯಲ್ಲಿ ಜಾಗವಿರುವುದಿಲ್ಲ. ಆದ್ದರಿಂದ ಕದ್ರಾದತ್ತ ಇಳಿಯುವವರು ಜೋಯಿಡಾದಲ್ಲಿ ಪೂರ್ತಿ ಚಾರ್ಜ್ ಮಾಡದಿರುವುದು ಲೇಸು. ಕದ್ರಾದಿಂದ ಹತ್ತುವವರಿಗೆ ಈ ಸಲಹೆ ಅನ್ವಯಿಸದು. ಹಿಮ ಬಿದ್ದ ದಿನ ಇಬ್ಬರೂ ಮನೆಯಲ್ಲಿರತಕ್ಕದ್ದು.