ಲೈನ್ ಹೋಗಿದ್ದರೆ ಹೋಗಿದೆ ಎನ್ನಿ

ಮನೆಮನೆಯ ವೈಫೈ ರೌಟರ್ ತಯಾರಿಸುವ ಕಂಪನಿಗಳಿಗೂ ಅದಕ್ಕೆ ಲೈನ್ ಎಳೆದುಕೊಡುವ ಸಂಸ್ಥೆಗಳಿಗೂ ಹಳೇ ಹುಬ್ಬಳ್ಳಿಯಿಂದ ಒಂದು ಬಹಿರಂಗ ಪತ್ರ

ಮಾನ್ಯರೇ,

ಇಂಡಿ ಪಂಪ್ ಸರ್ಕಲ್‌ನಿಂದ ಒಳಗೆ ಹೊರಳಿದರೆ ಸಿಗುವ ಓಣಿಯೊಂದರಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಕಂಪ್ಯೂಟರ್ ರಿಪೇರಿ. ಈ ಭಾಗದಲ್ಲಿ ಯಾರ ಮನೆಯ ನೆಟ್ ಕೈಕೊಟ್ಟರೂ ಅವರು ನಿಮ್ಮ ಕಾಲ್ ಸೆಂಟರ್‌ಗೆ ಫೋನ್ ಹಚ್ಚುವ ಮೊದಲು ನನ್ನ ಅಂಗಡಿಗೆ ಬರುತ್ತಾರೆ. ಬಂದವರು ಹೇಳುವ ಮಾತು ಹೆಚ್ಚುಕಡಿಮೆ ಒಂದೇ: “ಅಣ್ಣಾರ, ಏನ್ ಒತ್ತಿದ್ರೂ ಅದ ಒಂದು ಪೇಜ್ ಬರಾಕತ್ತೈತ್ರೀ. ಯೂಸರ್‌ನೇಮ್, ಪಾಸ್‌ವರ್ಡ್ ಕೇಳ್ತೈತಿ. ಯಾರರ ಹ್ಯಾಕ್ ಮಾಡ್ಯಾರೇನ್ರೀ?”

ಹ್ಯಾಕ್ ಯಾರೂ ಮಾಡಿರುವುದಿಲ್ಲ. ಅದು ನೀವೇ ಬರೆದ ಪುಟ. ಹೊರಗಿನ ಲೈನ್ ಸತ್ತಾಗ ನಿಮ್ಮ ರೌಟರ್ ಯಾರ ಯಾವ ವಿಳಾಸವನ್ನಾದರೂ ತನ್ನ ಮೇಲೆ ಎಳೆದುಕೊಂಡು, ತನ್ನ ಸೆಟ್ಟಿಂಗ್ಸ್ ಪುಟದ ಬಾಗಿಲನ್ನು ತೋರಿಸುತ್ತದೆ. ಇದನ್ನು ನಿಲ್ಲಿಸಿ ಎಂದು ಕೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಇದರಿಂದ ಜನರಿಗೆ ಆಗುವುದೇನು ಎಂಬುದು ನಿಮ್ಮ ಲ್ಯಾಬಿನಲ್ಲಿ ಕಾಣುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗೆ ಗಡುವು ಮುಗಿಯುವ ಸಂಜೆ ಬಿ.ಕಾಂ ಓದುವ ಹುಡುಗಿಯೊಬ್ಬಳು ತಂದೆಯ ಜೊತೆ ಬಂದಳು. ಮನೆಯಲ್ಲಿ ಎಸ್‌ಎಸ್‌ಪಿ ಪೋರ್ಟಲ್ ತೆರೆಯಲು ಹೋದರೆ ಎರಡು ಖಾಲಿ ಚೌಕ ಬಂದಿವೆ: ಮೇಲೆ ಯೂಸರ್‌ನೇಮ್, ಕೆಳಗೆ ಪಾಸ್‌ವರ್ಡ್. ಸರ್ಕಾರದ ಪೋರ್ಟಲ್ಲೂ ಲಾಗಿನ್ ಆಗಲು ಕೇಳುವುದು ಅದನ್ನೇ. ಆಕೆ ತನ್ನ ವಿದ್ಯಾರ್ಥಿ ಐಡಿ, ಪಾಸ್‌ವರ್ಡ್ ಹಾಕಿದಳು. ತಪ್ಪು ಎಂದಿತು. ಮೊಬೈಲ್ ನಂಬರ್ ಹಾಕಿದಳು. ತಪ್ಪು. ಕೊನೆಗೆ ಅಪ್ಪನ ಬ್ಯಾಂಕಿನ ಪಾಸ್‌ವರ್ಡ್ ಕೂಡ ಹಾಕಿ ನೋಡಿದಳು. ಆಮೇಲೆ ಪರದೆಯ ಮೇಲೆ ಬಂದದ್ದು ಇಂಗ್ಲಿಷಿನ ಒಂದು ಸಾಲು: ಬಹಳ ಸಲ ತಪ್ಪಾಗಿದೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ. ಅರ್ಜಿಯ ಖಾತೆಯೇ ಲಾಕ್ ಆಯಿತು ಎಂದುಕೊಂಡು ಆಕೆ ಅಳುತ್ತ ಕೂತಿದ್ದಳು. ತಂದೆ ಬಾಯಿಬಿಟ್ಟು ಏನೂ ಹೇಳಲಿಲ್ಲ. ಕೈಯಲ್ಲಿ ಆದಾಯ ಪ್ರಮಾಣಪತ್ರ, ಅಂಕಪಟ್ಟಿ ತುಂಬಿದ ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ನಿಂತಿದ್ದರು.

ನಾನು ಅವರ ಫೋನಿನ ವೈಫೈ ಬಂದ್ ಮಾಡಿ ಮೊಬೈಲ್ ಡೇಟಾ ಹಚ್ಚಿದೆ. ಪೋರ್ಟಲ್ ತಕ್ಷಣ ತೆರೆಯಿತು, ಅರ್ಜಿ ಹೋಯಿತು. ಖಾತೆಗೆ ಏನೂ ಆಗಿರಲಿಲ್ಲ. ಆಮೇಲೆ ಅವರ ಮನೆಗೆ ಹೋಗಿ ನೋಡಿದರೆ ರೌಟರ್ ಮೇಲೆ ಎಲ್‌ಒಎಸ್ ಎಂದು ಬರೆದ ಪುಟ್ಟ ದೀಪ ಕೆಂಪಗೆ ಮಿಣುಕುತ್ತಿತ್ತು. ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಗಟಾರ ಕೆಲಸಕ್ಕೆ ಬಂದ ಜೆಸಿಬಿ ಓಣಿಯ ಬಾಯಲ್ಲೇ ಕೇಬಲ್ ಹರಿದಿತ್ತು.

ರೌಟರ್‌ಗೆ ಆ ಸಂಗತಿ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೆಂಪು ದೀಪ ಹಚ್ಚಿತ್ತು. ಆದರೆ ಪರದೆಯ ಮುಂದೆ ಕೂತ ಮಗುವಿಗೆ ಅದನ್ನು ಹೇಳದೆ ಪಾಸ್‌ವರ್ಡ್ ಕೇಳಿತು. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಒಳಗೆ ನಡೆಯುವುದು ಏನೆಂದು ಈ ಪತ್ರ ಓದುವ ನಮ್ಮ ಜನರಿಗೂ ತಿಳಿಯಲಿ. ಫೋನ್ ನಮ್ಮ ವೈಫೈಗೆ ಸೇರಿದ ಕೂಡಲೇ ರೌಟರ್ ಅದಕ್ಕೊಂದು ಒಳಗಿನ ನಂಬರ್ ಕೊಡುತ್ತದೆ. ಜೊತೆಗೆ, ‘ಯಾವುದೇ ತಾಣದ ಹೆಸರು ಹುಡುಕಬೇಕಾದರೆ ನನ್ನನ್ನು ಕೇಳು’ ಎಂದೂ ಹೇಳುತ್ತದೆ. ಹೆಸರನ್ನು ನಂಬರಿಗೆ ಬದಲಿಸುವ ಈ ವ್ಯವಸ್ಥೆಯೇ ಡಿಎನ್‌ಎಸ್. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ಲೈನ್ ಸರಿ ಇದ್ದಾಗ ರೌಟರ್ ಹೊರಗೆ ವಿಚಾರಿಸಿ ಸರಿಯಾದ ನಂಬರ್ ತಂದುಕೊಡುತ್ತದೆ. ಲೈನ್ ಇಲ್ಲದಾಗ ‘ಈಗ ಉತ್ತರ ಸಿಗುತ್ತಿಲ್ಲ’ ಎಂದು ಹೇಳಲು ಆ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಜಾಗ ಇದೆ. ಅದನ್ನು ಬಿಟ್ಟು ನಿಮ್ಮ ಎಷ್ಟೋ ರೌಟರ್‌ಗಳು ಪ್ರತಿ ಹೆಸರಿಗೂ 192.168.1.1 ಎಂದು ತಮ್ಮದೇ ನಂಬರ್ ಕೊಟ್ಟುಬಿಡುತ್ತವೆ. ಸಿದ್ಧಾರೂಢ ಮಠಕ್ಕೆ ದಾರಿ ಕೇಳಿದವರನ್ನು ತನ್ನ ಮನೆಗೇ ಕರೆದೊಯ್ದು ಕೂರಿಸಿದಂತೆ ಇದು.

ಆ ನಂಬರಿನ ಬಗ್ಗೆಯೂ ಜನರಿಗೆ ಅಂಜಿಕೆ ಇದೆ, ಯಾವುದೋ ದೇಶದ ಕಳ್ಳರ ವಿಳಾಸ ಇರಬೇಕು ಎಂದು. ಹಾಗೇನಿಲ್ಲ. 192.168ರಿಂದ ಶುರುವಾಗುವ 65,536 ನಂಬರುಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಎತ್ತಿಟ್ಟಿದ್ದಾರೆ. ಆರ್‌ಎಫ್‌ಸಿ 1918 ಎಂಬ ಆ ನಿಯಮ 1996ರ ಫೆಬ್ರವರಿಯದು. ಹೆಗ್ಗೇರಿಯ ಮನೆಯಲ್ಲಿ 192.168.1.1 ಎಂದರೆ ಆ ಮನೆಯದೇ ರೌಟರ್. ನೇಕಾರ ನಗರದಲ್ಲಿ ಅದೇ ನಂಬರು ಇನ್ನೊಂದು ರೌಟರ್‌ನದು. ಅದು ಹೊರಗಿನ ಇಂಟರ್ನೆಟ್‌ನಲ್ಲಿ ಎಲ್ಲಿಯೂ ಸಿಗುವ ವಿಳಾಸವಲ್ಲ.

ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದಲ್ಲಿ ವೈಫೈಗೆ ಸೇರಿದಾಗಲೂ ಬೇರೊಂದು ಪುಟಕ್ಕೆ ಕರೆದೊಯ್ಯುತ್ತಾರಲ್ಲ ಎಂದು ನೀವು ಕೇಳಬಹುದು. ಅಲ್ಲಿ ಮೊಬೈಲ್ ನಂಬರ್, ಒಟಿಪಿ ಕೇಳುವುದಕ್ಕೆ ಕಾರಣ ಇದೆ, ಕೊಟ್ಟರೆ ನೆಟ್ ಸಿಗುತ್ತದೆ. ನಮ್ಮ ಫೋನುಗಳು ಅದಕ್ಕೆ ಒಗ್ಗಿಕೊಂಡಿವೆ. ವೈಫೈಗೆ ಸೇರಿದ ತಕ್ಷಣ ಒಂದು ಗೊತ್ತಾದ ವಿಳಾಸವನ್ನು ಮುಟ್ಟಿ ನೋಡುತ್ತವೆ, ಉತ್ತರ ಬೇರೆ ಕಡೆಯಿಂದ ಬಂದರೆ ‘ಸೈನ್ ಇನ್ ಮಾಡಿ’ ಎಂದು ಸೂಚನೆ ತೋರಿಸುತ್ತವೆ. ಮನೆಯ ರೌಟರ್ ಇದೇ ಆಟ ಹೂಡಿದಾಗ ಫೋನಿಗೆ ಫರಕು ತಿಳಿಯುವುದಿಲ್ಲ. ಅದು ಸೈನ್ ಇನ್ ಎನ್ನುತ್ತದೆ, ಜನ ಒತ್ತುತ್ತಾರೆ, ನಿಮ್ಮ ಚೌಕಗಳ ಮುಂದೆ ಬಂದು ಬೀಳುತ್ತಾರೆ. ಅಲ್ಲಿ ಎಂಥ ಪಾಸ್‌ವರ್ಡ್ ಕೊಟ್ಟರೂ ಹರಿದ ಕೇಬಲ್ ಕೂಡುವುದಿಲ್ಲವಲ್ಲ!

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಎಚ್‌ಟಿಟಿಪಿಎಸ್ ಇರುವ ತಾಣಕ್ಕೆ ಹೊರಟಾಗ ರೌಟರ್ ಅಡ್ಡಬಂದು ಉತ್ತರಿಸಿದರೆ, ಅದರ ಬಳಿ ಆ ತಾಣದ ಪ್ರಮಾಣಪತ್ರ ಇರುವುದಿಲ್ಲ. ಬ್ರೌಸರ್ ಕೆಂಪು ಎಚ್ಚರಿಕೆ ಕೊಡುತ್ತದೆ, ನಿಮ್ಮ ಸಂಪರ್ಕ ಸುರಕ್ಷಿತವಾಗಿಲ್ಲ, ಮುಂದೆ ಹೋಗಬೇಡಿ ಎಂದು. ಇಂಥ ಎಚ್ಚರಿಕೆ ಇರುವುದೇ ಕಳ್ಳರನ್ನು ತಡೆಯಲು. ಲೈನ್ ಹೋದಾಗಲೆಲ್ಲ ಅದನ್ನೇ ಕಂಡ ಮನೆಮಂದಿ ‘ಅಡ್ವಾನ್ಸ್ಡ್’ ಒತ್ತಿ, ‘ಪ್ರೊಸೀಡ್’ ಒತ್ತಿ ದಾಟುವುದನ್ನು ರೂಢಿ ಮಾಡಿಕೊಂಡಿದ್ದಾರೆ. ನಾಳೆ ನಿಜವಾದ ಕಳ್ಳ ಬಂದಾಗಲೂ ಅದೇ ಬೆರಳು ಅದೇ ಜಾಗ ಒತ್ತುತ್ತದೆ. ಎಚ್‌ಎಸ್‌ಟಿಎಸ್ ಎಂಬ 2012ರ ನಿಯಮವನ್ನು ಪಾಲಿಸುವ ತಾಣಗಳಲ್ಲಿ ದಾಟುವ ಗುಂಡಿಯನ್ನೇ ಬ್ರೌಸರ್ ತೆಗೆದುಬಿಡುತ್ತದೆ. ಎಲ್ಲ ತಾಣಗಳೂ ಅದನ್ನು ಪಾಲಿಸುತ್ತಿಲ್ಲ.

ಕೇಳದ ಕಡೆಗೆ ಜನರನ್ನು ಒಯ್ಯುವ ಚಾಳಿ ನಿಮ್ಮಿಂದಲೇ ಶುರುವಾದದ್ದಲ್ಲ. 2003ರ ಸೆಪ್ಟೆಂಬರ್ 15ರಂದು ವೆರಿಸೈನ್ ಕಂಪನಿ, ಡಾಟ್ ಕಾಮ್ ಮತ್ತು ಡಾಟ್ ನೆಟ್‌ನಲ್ಲಿ ಇಲ್ಲದ ಹೆಸರನ್ನು ಯಾರೇ ಬರೆದರೂ ‘ಸೈಟ್ ಫೈಂಡರ್’ ಎಂಬ ತನ್ನದೇ ಪುಟಕ್ಕೆ ಒಯ್ಯಲು ಶುರು ಮಾಡಿತು. ಹೆಸರು ಇಲ್ಲದಿದ್ದರೆ ಇಲ್ಲ ಎನ್ನಬೇಕು, ಆ ಉತ್ತರವನ್ನು ನಂಬಿ ನಮ್ಮ ಎಷ್ಟೋ ತಂತ್ರಾಂಶಗಳು ನಡೆಯುತ್ತಿವೆ ಎಂದು ಜಗತ್ತಿನ ಎಂಜಿನಿಯರುಗಳು ತಿರುಗಿಬಿದ್ದರು. ಇಂಟರ್ನೆಟ್ ಹೆಸರುಗಳ ಉಸ್ತುವಾರಿ ನೋಡುವ ಐಕಾನ್ ಸಂಸ್ಥೆ ಖಡಾಖಂಡಿತವಾಗಿ ನಿಲ್ಲಿಸಲು ಹೇಳಿತು. ಅಕ್ಟೋಬರ್ 4ಕ್ಕೆ ಅದು ಬಂದ್ ಆಯಿತು. ಅಷ್ಟು ದೊಡ್ಡ ಕಂಪನಿಗೆ ಮೂರು ವಾರದೊಳಗೆ ಒಪ್ಪಿಸಿದ ತತ್ವ ನಮ್ಮ ಓಣಿಯ ಗೋಡೆಗೆ ತೂಗುಹಾಕಿದ ರೌಟರ್‌ಗೂ ಅನ್ವಯಿಸಬೇಕು.

ಲೈನ್ ವಾಪಸ್ ಬಂದ ಮೇಲೂ ತೊಂದರೆ ತೀರುವುದಿಲ್ಲ. ಆ ಸುಳ್ಳು ಉತ್ತರವನ್ನು ಫೋನೂ ಬ್ರೌಸರೂ ನೆನಪಿಟ್ಟುಕೊಂಡಿರುತ್ತವೆ. ಒಂದು ಪುಟದಿಂದ ಇನ್ನೊಂದಕ್ಕೆ ಕಳಿಸುವಾಗ 302 ಎಂದರೆ ತಾತ್ಕಾಲಿಕ, 301 ಎಂದರೆ ಕಾಯಂ. 301 ಬಂದರೆ ಬ್ರೌಸರ್ ಅದನ್ನು ಗಟ್ಟಿಯಾಗಿ ಉಳಿಸಿಕೊಳ್ಳುತ್ತದೆ. ಲೈನ್ ಹೋದದ್ದನ್ನು ಕಾಯಂ ಎಂದು ಸಾರುವ ರೌಟರ್ ಇದ್ದ ಮನೆಯಲ್ಲಿ, ನೆಟ್ ಬಂದು ಎಷ್ಟೋ ಹೊತ್ತಾದರೂ ಒಂದೆರಡು ತಾಣ ಮಾತ್ರ ರೌಟರ್ ಪುಟಕ್ಕೇ ಹೋಗುತ್ತಿರುತ್ತವೆ. ಅಂಥವರಿಗೆ ನಾನು ಮೊದಲು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆಯಿರಿ ಎನ್ನುತ್ತೇನೆ. ಅಲ್ಲಿ ತೆರೆದು ಮಾಮೂಲಿ ಕಿಟಕಿಯಲ್ಲಿ ತೆರೆಯದಿದ್ದರೆ ದೋಷ ಬ್ರೌಸರ್‌ನ ನೆನಪಿನಲ್ಲಿದೆ, ಕ್ಯಾಶ್ ಅಳಿಸಿದರೆ ಸಾಕು. ಎರಡರಲ್ಲೂ ತೆರೆಯದಿದ್ದರೆ ಫೋನನ್ನು ಒಮ್ಮೆ ಬಂದ್ ಮಾಡಿ ಹಚ್ಚಬೇಕು. ವಿಂಡೋಸ್ ಕಂಪ್ಯೂಟರ್ ಆದರೆ ಕಮಾಂಡ್ ಪ್ರಾಂಪ್ಟ್‌ನಿಂದ ಡಿಎನ್‌ಎಸ್ ಫ್ಲಶ್ ಮಾಡಬೇಕು. ಮನೆಯ ಎಲ್ಲ ಫೋನುಗಳಲ್ಲೂ ಅದೇ ಪುಟ ಬರುತ್ತಿದ್ದರೆ ಫೋನಿನ ತಂಟೆಗೆ ಹೋಗುವುದೇ ಬೇಡ, ದೀಪಗಳನ್ನು ನೋಡಿ. ಎಲ್‌ಒಎಸ್ ಕೆಂಪಗಿದ್ದರೆ ಕೇಬಲ್. ಪಿಒಎನ್ ಹಸಿರಾಗಿದ್ದು ಇಂಟರ್ನೆಟ್ ದೀಪ ಮಾತ್ರ ಇಲ್ಲದಿದ್ದರೆ ಹೆಚ್ಚಾಗಿ ಪ್ಲಾನ್ ಮುಗಿದಿರುತ್ತದೆ ಅಥವಾ ಕಂಪನಿಯ ಕಡೆ ಲಾಗಿನ್ ಕೆಟ್ಟಿರುತ್ತದೆ.

ಮೇಲಿನ ಮಹಡಿಗೆ ಸಿಗ್ನಲ್ ಸಿಗುವುದಿಲ್ಲ ಎಂದು ಕೊಪ್ಪೀಕರ್ ರೋಡಿನಿಂದ ಎರಡನೇ ರೌಟರ್ ತಂದು ಜೋಡಿಸಿದ ಮನೆಗಳ ಕಥೆ ಬೇರೆ. ಎರಡಕ್ಕೂ 192.168.1.1 ನಂಬರೇ ಇದ್ದರೆ ಹೊರಗೆ ಯಾವುದು, ಒಳಗೆ ಯಾವುದು ಎಂದು ಎರಡನೆಯದಕ್ಕೆ ತಿಳಿಯುವುದಿಲ್ಲ. ಒಂದರ ನಂಬರನ್ನು 192.168.2.1 ಮಾಡಿದರೆ, ಇಲ್ಲವೇ ಎರಡನೆಯದನ್ನು ಆಕ್ಸೆಸ್ ಪಾಯಿಂಟ್ ಆಗಿ ಇಟ್ಟರೆ ಆಯಿತು. ಪೆಟ್ಟಿಗೆಯ ಮೇಲೆ ಎರಡು ಸಾಲು ಬರೆದಿದ್ದರೆ ಇದಕ್ಕೆ ನನ್ನ ತನಕ ಯಾರೂ ಬರಬೇಕಿರಲಿಲ್ಲ.

ಇನ್ನು ಕೀಲಿಯ ಮಾತು. ಲೈನ್ ಹಾಕಲು ಬರುವ ಹುಡುಗರು ಕೆಲಸಗಾರರು, ಅವರ ಮೇಲೆ ನನಗೆ ದೂರಿಲ್ಲ. ಗಣಪತಿ ಮೆರವಣಿಗೆಯಲ್ಲಿ ಎತ್ತರದ ಮೂರ್ತಿ ಬಂತೆಂದರೆ ಬಿದಿರಿನ ಗಳ ಹಿಡಿದು ವೈರ್ ಎತ್ತುವ ಊರು ಇದು. ಮರುದಿನ ಸಡಿಲಾದ ಜೋಡಣೆಗಳನ್ನೆಲ್ಲ ಬಿಸಿಲಲ್ಲಿ ಏಣಿ ಹತ್ತಿ ಸರಿಪಡಿಸುವವರು ಅವರೇ. ಆದರೆ ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಮನೆಯವರಿಗೆ ತಿಳಿಸಿರಿ, ಬದಲಿಸಿಕೊಡಿರಿ ಎಂದು ನೀವು ಅವರಿಗೆ ಹೇಳಿಲ್ಲ. ಎಷ್ಟೋ ಮನೆಗಳಲ್ಲಿ ಇನ್ನೂ ‘ಅಡ್ಮಿನ್’, ‘ಅಡ್ಮಿನ್’ ಎಂದೇ ಇದೆ. ಅದರ ಬೆಲೆ ಏನೆಂದು ನಮ್ಮ ರಾಜ್ಯ ಒಮ್ಮೆ ಕಂಡಿದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದಲ್ಲಿ ಮಾಲ್‌ವೇರ್ ಹೊಕ್ಕು 60,000ದಷ್ಟು ಮೋಡೆಮ್‌ಗಳು ಕೆಟ್ಟವು. ಪಾಸ್‌ವರ್ಡ್ ಬದಲಿಸದೆ ಅಡ್ಮಿನ್-ಅಡ್ಮಿನ್ ಎಂದೇ ಉಳಿದಿದ್ದ ಮೋಡೆಮ್‌ಗಳು ಅವು.

ಅಂದು ನೆಟ್ ನಿಂತಿತು, ಅಷ್ಟಕ್ಕೇ ಮುಗಿಯಿತು. ರೌಟರ್ ಒಳಹೊಕ್ಕವರು ಅದನ್ನು ಕೆಡಿಸದೆ, ಡಿಎನ್‌ಎಸ್ ನಂಬರನ್ನಷ್ಟೇ ಬದಲಿಸಿ ಸುಮ್ಮನಿದ್ದರೆ ಹಾನಿ ಇನ್ನೂ ಹೆಚ್ಚು. ಬ್ಯಾಂಕಿನ ಹೆಸರು ಬರೆದವರು ಬೇರೆಲ್ಲೋ ಹೋಗುತ್ತಾರೆ. ಡಿಎನ್‌ಎಸ್ ಚೇಂಜರ್ ಎಂಬ ಮಾಲ್‌ವೇರ್ ಇದೇ ಕೆಲಸ ಮಾಡಿ ನೂರರಷ್ಟು ದೇಶಗಳಲ್ಲಿ 40 ಲಕ್ಷ ಕಂಪ್ಯೂಟರ್‌ಗಳನ್ನು ಹಿಡಿದಿತ್ತು. ಅಮೆರಿಕದ ಎಫ್‌ಬಿಐ 2011ರ ನವೆಂಬರ್‌ನಲ್ಲಿ ಆ ಜಾಲವನ್ನು ಬಯಲಿಗೆಳೆಯಿತು. ಕಳ್ಳರ ಸರ್ವರುಗಳ ಜಾಗದಲ್ಲಿ ಸರಿಯಾದವನ್ನಿಟ್ಟು 2012ರ ಜುಲೈ 9ರವರೆಗೆ ನಡೆಸಬೇಕಾಯಿತು. ಒಮ್ಮೆಲೇ ನಿಲ್ಲಿಸಿದ್ದರೆ ಅಷ್ಟೂ ಜನರ ನೆಟ್ ಹೋಗುತ್ತಿತ್ತು. ಹೀಗಾಗಿ ಲೈನ್ ಸರಿ ಇದ್ದೂ ಹೊರಟ ಕಡೆ ತಲುಪದೆ ಗುರುತಿಲ್ಲದ ಪುಟ ಬಂದರೆ, ನಾನು ನೋಡುವುದು ರೌಟರ್‌ನ ಡಿಎನ್‌ಎಸ್ ಸಾಲನ್ನು. ಅಲ್ಲಿ ಕಂಪನಿ ಕೊಟ್ಟ ನಂಬರೋ, 8.8.8.8 ಅಥವಾ 1.1.1.1ರಂಥ ಗೊತ್ತಿರುವ ನಂಬರೋ ಇರಬೇಕು. ಆದರೆ ಕೀಲಿಯೇ ಇಲ್ಲದ ಮನೆಯವರು ಅದನ್ನು ನೋಡುವುದು ಹೇಗೆ?

ನಾನು ಕೇಳುವುದನ್ನು ಮಾಡಲು ಹೊಸ ಸಂಶೋಧನೆ ಬೇಕಿಲ್ಲ. ಸೈನ್ ಇನ್ ಕೇಳುವ ಜಾಲಗಳು ತಮ್ಮ ಉತ್ತರವನ್ನು ತಂತ್ರಾಂಶಗಳು ತೆರೆಯಲು ಹೊರಟ ತಾಣದ್ದೇ ಎಂದು ತಪ್ಪು ತಿಳಿಯದಂತೆ 511 ಎಂಬ ಸಂಕೇತ ಬಳಸಲಿ ಎಂದು 2012ರಲ್ಲೇ ನಿಯಮ ಆಗಿದೆ. ಇಂಥ ಪುಟ ಇದ್ದರೆ ಯಾರ ದಾರಿಗೂ ಅಡ್ಡಬಾರದೆ ಫೋನಿಗೆ ಮೊದಲೇ ತಿಳಿಸುವ ಕ್ರಮ 2020ರ ಆರ್‌ಎಫ್‌ಸಿ 8910ರಲ್ಲಿದೆ. ಮನೆಯ ಲೈನ್ ಹೋದಾಗ ಡಿಎನ್‌ಎಸ್ ವಿಫಲ ಎಂದು ಹೇಳಿ ಸುಮ್ಮನಾಗುವುದು ಎಲ್ಲಕ್ಕಿಂತ ಸುಲಭ. ಆಗ ಬ್ರೌಸರೇ ‘ಇಂಟರ್ನೆಟ್ ಇಲ್ಲ’ ಎನ್ನುತ್ತದೆ, ಕನ್ನಡದಲ್ಲಿ ಇಟ್ಟುಕೊಂಡವರಿಗೆ ಕನ್ನಡದಲ್ಲೇ.

ಪುಟ ತೋರಿಸಲೇಬೇಕು ಎಂದಿದ್ದರೆ ಲಾಗಿನ್ ಚೌಕ ತೆಗೆದು ಇಷ್ಟು ಬರೆಯಿರಿ:

‘ನಿಮ್ಮ ವೈಫೈ ಸರಿ ಇದೆ. ಹೊರಗಿನ ಲೈನ್ ಬರುತ್ತಿಲ್ಲ. ನೀವು ತೆರೆಯಲು ಹೊರಟ ತಾಣಕ್ಕೂ ಈ ಪುಟಕ್ಕೂ ಸಂಬಂಧ ಇಲ್ಲ. ಇಲ್ಲಿ ಯಾವ ಪಾಸ್‌ವರ್ಡೂ ಹಾಕಬೇಡಿ. ತುರ್ತು ಕೆಲಸ ಇದ್ದರೆ ಮೊಬೈಲ್ ಡೇಟಾ ಬಳಸಿ. ದೂರಿಗೆ ಈ ನಂಬರಿಗೆ ಫೋನ್ ಮಾಡಿ.’

ಕೆಳಗೆ ನಿಮ್ಮ ನಂಬರ್ ಇರಲಿ, ಫೋನ್ ಎತ್ತಿದವರು ಕನ್ನಡದಲ್ಲಿ ಮಾತಾಡಲಿ. ಪ್ರತಿ ರೌಟರ್‌ಗೂ ಬೇರೆ ಬೇರೆ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ತಳಕ್ಕೆ ಚೀಟಿ ಅಂಟಿಸಿ, ಲೈನ್ ಹಾಕಿದ ದಿನವೇ ಮನೆಯ ಹಿರಿಯರಿಗೂ ಓದುವ ಮಕ್ಕಳಿಗೂ ಅದನ್ನು ತೋರಿಸಿ. 301 ಕಳಿಸುವುದನ್ನು ಬಿಡಿ. ಈಗಾಗಲೇ ಗೋಡೆ ಏರಿರುವ ರೌಟರ್‌ಗಳಿಗೆ ಹೊಸ ಫರ್ಮ್‌ವೇರ್ ಯಾವಾಗ ಬರುತ್ತದೆಂದು ತಿಳಿಸಿ. ನೀವು ಕಳಿಸಿದರೆ ಇಂಡಿ ಪಂಪ್‌ನಿಂದ ಹೆಗ್ಗೇರಿಯವರೆಗೆ ನನ್ನ ಗುರುತಿನ ಮನೆಗಳಿಗೆ ಅದನ್ನು ಹಾಕಿಕೊಡುವ ಕೆಲಸ ನಾನು ಮಾಡುತ್ತೇನೆ, ಅದಕ್ಕೆ ಯಾರಿಂದಲೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಮುಂದಿನ ವಿದ್ಯಾರ್ಥಿವೇತನದ ಗಡುವಿಗೆ ಮುಂಚೆ ಆದರೆ ಒಳ್ಳೆಯದು.

ಇಂತಿ,
ಓಣಿಯ ಕಂಪ್ಯೂಟರ್ ಅಂಗಡಿಯವ
ಹಳೇ ಹುಬ್ಬಳ್ಳಿ