ನೂರು ತಟ್ಟೆ ಇಡ್ಲಿ

ಮಹಿಳಾ ಸಂಘದ ಅಧ್ಯಕ್ಷಮ್ಮನನ್ನು ಗುರುತಿಸಲು ಬ್ಯಾಡ್ಜ್ ಬೇಕಿಲ್ಲ. ಸರ್ಕಾರಿ ಕಚೇರಿಯಲ್ಲಿ ಜವಾನ ತಟ್ಟನೆ ಎದ್ದು, ಸಾಹೇಬರು ಕೂತಲ್ಲೇ ಬೆವತರೆ ಬಾಗಿಲಲ್ಲಿ ಅವರು ಬಂದರೆಂದೇ ಲೆಕ್ಕ. ಚನ್ನಪಟ್ಟಣದ ಅಧ್ಯಕ್ಷಮ್ಮ ಬಂದವರಿಗೆಲ್ಲ ಬೊಂಬೆ ಕೊಡುತ್ತಾರೆ. ಮಾಗಡಿಯವರು ಕೆಂಪೇಗೌಡರನ್ನು ನೆನೆಯದೆ ಮೈಕ್ ಮುಟ್ಟುವುದಿಲ್ಲ. ಕನಕಪುರದವರು 2004ರ ಲೋಕಸಭಾ ಚುನಾವಣೆಯಲ್ಲಿ ತೇಜಸ್ವಿನಿ ಎಂಬ ಟೀವಿ ಪತ್ರಕರ್ತೆ ದೇವೇಗೌಡರನ್ನು ಸೋಲಿಸಿದ್ದನ್ನು ತಾವೇ ಸೋಲಿಸಿದ ಹಾಗೆ ಹೇಳುತ್ತಾರೆ. ರಾಮನಗರದಲ್ಲಿ ನನ್ನ ಪಾಲಿಗೆ ಬಂದವರು ಈ ಮೂರನ್ನೂ ಮಾಡುತ್ತಾರೆ. ನಾನು ಖಜಾಂಚಿ.

2007ರ ಆಗಸ್ಟ್‌ನಲ್ಲಿ ಈ ನಾಲ್ಕು ತಾಲ್ಲೂಕು ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿಕೊಂಡು ರಾಮನಗರ ಜಿಲ್ಲೆಯಾಯಿತಲ್ಲ, ಅಂದು ತಾಲ್ಲೂಕು ಅಧ್ಯಕ್ಷೆಯಾಗಿ ಮಲಗಿದವರು ಜಿಲ್ಲಾಧ್ಯಕ್ಷೆಯಾಗಿ ಎದ್ದರು. ಸದಸ್ಯರು ಮಾತ್ರ ಅದೇ ಎರಡು ಬೀದಿಯವರು. 2025ರ ಮೇನಲ್ಲಿ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಒಪ್ಪಿದ ವಾರವೇ ಹೊಸ ಲೆಟರ್‌ಹೆಡ್ ಅಚ್ಚಾಯಿತು. ಹಳೆಯವು ಎರಡು ಕಟ್ಟು ನಮ್ಮ ಅಟ್ಟದಲ್ಲಿವೆ. ಇದನ್ನು ಬರೆಯುತ್ತಿರುವುದು ಅವುಗಳ ಬೆನ್ನಿಗೇ.

ಇನ್ನು ಇಡ್ಲಿಯ ವಿಷಯ. ಮಹಿಳಾ ದಿನಾಚರಣೆಗೆ ಬಿಡದಿಯಿಂದ ತಟ್ಟೆ ಇಡ್ಲಿ ತರಿಸಿದೆವು. ಬಂದ ಜನ ನೂರೈವತ್ತು, ಬಿಲ್ಲಿನಲ್ಲಿ ಇಡ್ಲಿ ನಾನೂರು. ತಟ್ಟೆ ಇಡ್ಲಿಯನ್ನು ಎರಡರ ಮೇಲೆ ತಿನ್ನುವ ಗಂಡೆದೆ ನಮ್ಮಲ್ಲಿ ಯಾರಿಗೂ ಇಲ್ಲ. ತಲೆಗೆ ಎರಡೆಂದರೂ ಮುನ್ನೂರು. ಬಿಲ್ಲೋ, ಹೋಟೆಲಿನದಲ್ಲ, ಕ್ಯಾಲೆಂಡರ್ ಹಾಳೆಯ ಹಿಂದೆ ಅಧ್ಯಕ್ಷಮ್ಮನದೇ ಗುಂಡಗಿನ ಅಕ್ಷರ. ಮೂರು ರಾತ್ರಿ ಕೂಡಿ ಕಳೆದು, ಸಭೆಯಲ್ಲಿ ಎದ್ದು ಕೇಳಿಯೇಬಿಟ್ಟೆ:

"ಅಧ್ಯಕ್ಷಮ್ಮೋರೆ, ಮಿಕ್ಕ ನೂರು ಇಡ್ಲಿ ಎಲ್ಲೋಯ್ತು?"

ಅವರು ಕನ್ನಡಕ ತೆಗೆದರು. ಸೆರಗಿನಿಂದ ಒರೆಸಿದರು. "ನೋಡ್ರಮ್ಮಾ, ಇದಕ್ಕೇ ಕಣ್ರಮ್ಮಾ ಹೆಣ್ಣಿಗೆ ಹೆಣ್ಣೇ ಶತ್ರು ಅನ್ನೋದು!"

ಚಪ್ಪಾಳೆ. ಅಭ್ಯಾಸಬಲ, ನಾನೂ ತಟ್ಟಿದೆ.

ಅಲ್ಲಿಂದ ಸಂಘ ಎರಡಾಯಿತು, ಇಡ್ಲಿ ತಿಂದವರ ಬಣ, ಇಡ್ಲಿ ಎಣಿಸಿದವರ ಬಣ. ಖಜಾಂಚಿಗೆ ಕುರ್ಚಿಯ ಮೇಲೆ ಕಣ್ಣು ಎಂದರು. ಪೂರಾ ಸುಳ್ಳೆನ್ನಲಾರೆ, ಆ ಕುರ್ಚಿಯಲ್ಲಿ ಕೂರುವ ದಿನ ಯಾವ ಸೀರೆ ಉಡಬೇಕೆಂದು ಯೋಚಿಸಿದ್ದು ಹೌದು.

ಅಧ್ಯಕ್ಷಮ್ಮನಿಗೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಬಾಯಿಪಾಠ. ಸಂಘಗಳ ನೋಂದಣಿ ಕಾಯ್ದೆಯೂ ಒಂದಿದೆ, 1960ರದು. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು, ಆಡಿಟ್ ಆದ ಲೆಕ್ಕವನ್ನು ರಿಜಿಸ್ಟ್ರಾರ್ ಕಚೇರಿಗೆ ಕೊಡಬೇಕು ಎನ್ನುತ್ತದೆ. ಅದರ ಹೆಸರೆತ್ತಿದರೆ ಅವರಿಗೆ ಸ್ವಲ್ಪ ಕಿವಿ ಮಂದ.

ಆದರೆ ಆ ರಾತ್ರಿಯನ್ನು ಎಲ್ಲಿ ಬರೆಯಲಿ, ಜಮಾದಲ್ಲೋ ಖರ್ಚಿನಲ್ಲೋ? ಹನ್ನೊಂದು ಗಂಟೆಗೆ ಅಧ್ಯಕ್ಷಮ್ಮನ ಫೋನ್. "ಖಜಾಂಚಮ್ಮ, ಚಪ್ಪಲಿ ಹಾಕ್ಕೊಂಡು ಬನ್ನಿ." ರೇಷ್ಮೆ ರೀಲಿಂಗ್ ಕೆಲಸದ ಹುಡುಗಿ, ಬಿಸಿನೀರಲ್ಲಿ ಗೂಡು ಬಿಚ್ಚಿ ಬೆರಳೆಲ್ಲ ಬೆಳ್ಳಗೆ ಸುಕ್ಕು. ಗಂಡ ಹೊಡೆದು, ಮಗುವಿನ ಸಮೇತ ಹೊರಗೆ ಹಾಕಿದ್ದ. ಠಾಣೆಯಲ್ಲಿ, ಬೆಳಿಗ್ಗೆ ಬನ್ನಿ ಎಂದರು. ಅಧ್ಯಕ್ಷಮ್ಮ ಬೆಂಚಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. "ಹದಿನೆಂಟನೇ ಸೆಕ್ಷನ್ನು ರಕ್ಷಣೆ ಕಣಪ್ಪ, ಹದಿನೇಳು ಇವಳ್ ಮನೇಲಿ ಇವಳು ಇರೋ ಹಕ್ಕು. ಬರ್ಕೋ, ನಿಧಾನಕ್ಕೆ ಹೇಳ್ತೀನಿ." ಮೂರು ಗಂಟೆಗೆ ದೂರು ಬರೆದುಕೊಂಡರು. ಮಗು ಅವರ ತೊಡೆಯ ಮೇಲೆ ಮಲಗಿ, ಮೈಸೂರು ಸಿಲ್ಕ್ ಸೀರೆಯನ್ನು ತೋಯಿಸಿತ್ತು. ಆಟೋಗೆ ಕೊಟ್ಟದ್ದು ಅವರ ಸ್ವಂತ ದುಡ್ಡು. ಚೀಟಿ ಕೇಳಬೇಕೆಂದು ನನಗೂ ಹೊಳೆಯಲಿಲ್ಲ.

ಇಷ್ಟು ಮಾಡಿದವರನ್ನು ಇಡ್ಲಿ ಲೆಕ್ಕ ಕೇಳುವುದೇ ಎಂದು ನಾಚಿಕೆಯಾಯಿತು. ಕೇಳದಿದ್ದರೆ ಅಂಥ ಹುಡುಗಿಯರು ವಾರವಾರ ತಂದು ಕಟ್ಟುವ ದುಡ್ಡಿಗೆ, ಅವರ ನಂಬಿಕೆಗೆ... ಇರಲಿ, ಭಾಷಣ ಅಧ್ಯಕ್ಷಮ್ಮನ ಖಾತೆ.

ಹೋದ ಸಭೆಯಲ್ಲಿ ನಾನು ಬಾಯಿ ಬಿಡಲಿಲ್ಲ. ಹಿಂದಿನ ಸಾಲಿನಿಂದ ಆ ರೀಲಿಂಗ್ ಹುಡುಗಿಯೇ ಎದ್ದಳು. "ಇಡ್ಲಿ ಲೆಕ್ಕ ಒಂದ್ಸಲ ಹೇಳ್ಬುಡಿ ಅಮ್ಮ. ನಮ್ದೂ ದುಡ್ಡೈತೆ ಅದ್ರಲ್ಲಿ."

ಅಧ್ಯಕ್ಷಮ್ಮ ಕನ್ನಡಕ ತೆಗೆದರು. ಒರೆಸಿದರು. ಮತ್ತೆ ಹಾಕಿಕೊಂಡರು. ಶತ್ರುವಿನ ಮಾತು ಬರಲಿಲ್ಲ. "ಮುಂದಿನ ಸಭೇಲಿ ಹೇಳ್ತೀನಿ, ಕೂತ್ಕೊ ಮಗ" ಎಂದರು.

ಮುಂದಿನ ಸಭೆ ಬರುವ ಮಂಗಳವಾರ. ತಿಂಡಿಗೆ ಮತ್ತೆ ತಟ್ಟೆ ಇಡ್ಲಿಯೇ. ಎಣಿಸಿ ತರುವ ಕೆಲಸವನ್ನು ಅಧ್ಯಕ್ಷಮ್ಮ ನನಗೇ ಹಚ್ಚಿದ್ದಾರೆ.